ಕೈ ಅದ್ದದ ನೀರು

ಗುಡ್ಡ ಹತ್ತಿ ದೊಣೆಯಲ್ಲಿ ನೀರಿದೆಯೇ ನೋಡಿ ಬಾ ಎಂದು ನನ್ನ ತಮ್ಮ ಹೇಳಿದ್ದ. ನಾನು ನೋಡಲಿಲ್ಲ. ನೋಡಿ ಬಂದೆ ಎಂದು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಎಂಥವನಾಗಿದ್ದ ಎಂದು ಹೇಳುತ್ತ ಹೋದರೆ ಈ ಮಾತು ಹಿಂದೆ ಉಳಿದುಬಿಡುತ್ತದೆ ಎಂಬ ಹೆದರಿಕೆ ನನಗೆ.

ಅವನನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅವನ ಗಂಟಲು. ಉದ್ದನೆಯ ತೆಳ್ಳನೆಯ ಕುತ್ತಿಗೆ, ಅದರ ನಡುವೆ ಅಡಿಕೆಯಂತೆ ಎದ್ದು ಕಾಣುವ ಗಂಟಲಮಣಿ. ಎಲ್ಲಿಯ ನೀರೇ ಆಗಲಿ, ಮೊದಲ ಗುಟುಕನ್ನು ಅವನು ಒಡನೆ ನುಂಗುತ್ತಿರಲಿಲ್ಲ. ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಆ ಮಣಿ ಮೆಲ್ಲಗೆ ಮೇಲೇರಿ ಇಳಿಯುತ್ತಿತ್ತು. ಕಣ್ಣು ತೆರೆದು ತೀರ್ಪು ಹೇಳುತ್ತಿದ್ದ: "ಇದು ಕೆರಿ ನೀರಕ್ಕಾ. ಬಾವಿದು ಅಂತ ಯಾಕ ಹೇಳ್ತಿ?" ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ.

ನಾವು ಹುಟ್ಟಿದ್ದು ಸಿರುಗುಪ್ಪದಲ್ಲಿ. ಹೊಳೆಯ ನೀರು ಕುಡಿದು ಬೆಳೆದವರಿಗೆ ಬೇರೆ ನೀರು ನಾಲಿಗೆಗೆ ಹಿಡಿಯುವುದಿಲ್ಲ. ಅಪ್ಪ ಬೇಗ ಹೋದ. ಅವ್ವ ಭತ್ತದ ಗದ್ದೆಗೆ ನಾಟಿಗೆ ಹೋಗುತ್ತಿದ್ದಳು. ತಮ್ಮನನ್ನು ನೋಡಿಕೊಳ್ಳಲು ನಾನು ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಳೆಗೆ ಹೋಗುತ್ತಿದ್ದೆ. ನಾನು ಕೊಡ ತುಂಬುವಾಗ ಅವನು ಬಗ್ಗಿ ನೀರಿಗೆ ಕೈ ಅದ್ದುತ್ತಿದ್ದ. ಅದ್ದಿದ ಕೈಯನ್ನು ನನ್ನ ಕೆನ್ನೆಗೆ ಒತ್ತಿ "ಅಕ್ಕಾ, ತಣ್ಣಗೈತಿ" ಎನ್ನುತ್ತಿದ್ದ. ಮಾತು ಸರಿಯಾಗಿ ಬಾರದ ವಯಸ್ಸಿನಲ್ಲೂ ಆ ಒಂದು ಮಾತನ್ನು ತಪ್ಪಿಲ್ಲದೆ ಆಡುತ್ತಿದ್ದ.

ನನ್ನನ್ನು ಕುರುಗೋಡಿಗೆ ಕೊಟ್ಟರು. ಅವನು ಓದಿ ಬಳ್ಳಾರಿಯ ಒಂದು ಶಾಲೆಯಲ್ಲಿ ಮೇಷ್ಟ್ರಾದ. ಲೆಕ್ಕ ಹೇಳುತ್ತಿದ್ದ, ಜೊತೆಗೆ ಸ್ಕೌಟ್ ಪಡೆಯನ್ನು ನೋಡಿಕೊಳ್ಳುತ್ತಿದ್ದ. ಅವನ ಜೀವ ಇದ್ದದ್ದು ಆ ಪಡೆಯಲ್ಲೇ. ಗಂಜಿ ಹಾಕಿ ಗರಿಗರಿ ಮಾಡಿದ ಖಾಕಿ ಚಡ್ಡಿ, ಕೊರಳಿಗೆ ಗಂಟು ಹಾಕಿದ ಹಳದಿ ವಸ್ತ್ರ, ಕೈಯಲ್ಲೊಂದು ಬಿದಿರ ಕೋಲು. ಆ ಕೋಲಿಗೆ ಅಳತೆಯ ಗೀಟು ಕೊರೆದಿದ್ದ. ಹಳ್ಳದ ಆಳದಿಂದ ಹುಡುಗರ ಎತ್ತರದವರೆಗೆ ಎಲ್ಲವನ್ನೂ ಅದರಲ್ಲೇ ಅಳೆಯುತ್ತಿದ್ದ. ನನ್ನ ಗಂಡನಿಗೆ ಆ ಚಡ್ಡಿ ಕಂಡರೆ ನಗು.

"ಏನ್ ಮಾಸ್ತರ್ರಾ, ಅಕ್ಕನ ಮನಿಗೆ ಬರೋವಾಗರ ಒಂದು ಧೋತ್ರ ಉಟ್ಕೊಂಡು ಬರಬಾರ್ದೇನು? ಓಣಿ ಮಂದಿ ಪೊಲೀಸ ಬಂದಾನ ಅಂತ ಬಾಗಿಲ ಹಾಕ್ಕೊಂತಾರ."

"ಹಾಕ್ಕೊಳ್ಳಲಿ ಬಿಡು ಮಾವಾ. ನಿಮ್ಮೂರಾಗ ಕಳ್ಳರು ಭಾಳ ಅದಾರ ಅಂತ ಗೊತ್ತಾತು."

ಹೀಗೆ ಇಬ್ಬರೂ ಊಟ ಮುಗಿಯುವವರೆಗೆ ಕಾಲೆಳೆದುಕೊಳ್ಳುತ್ತಿದ್ದರು. ನಾನು ಬಿಸಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಚಳಿಗಾಲ. ಸಂಕ್ರಾಂತಿ ಕಳೆದ ಒಂದು ಭಾನುವಾರ ಅವನು ಬಂದ. ಹುಡುಗರನ್ನು ನಮ್ಮೂರ ಗುಡ್ಡದ ಮೇಲೆ ಬರುವ ಶನಿವಾರ, ಭಾನುವಾರ ಇರಿಸಬೇಕೆಂದು ಅವನ ಆಸೆ. ಅವರೇ ಹೊತ್ತು, ಅವರೇ ಬೇಯಿಸಿ, ಬಂಡೆಯ ಮೇಲೆ ಕಂಬಳಿ ಹಾಸಿ ಮಲಗಬೇಕು. ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುಡ್ಡ ಬರೆದ. ಮೊರದಲ್ಲಿದ್ದ ಜೋಳ ತೆಗೆದು ಹುಡುಗರನ್ನಾಗಿ ಮಾಡಿ ಸಾಲಾಗಿ ಇಟ್ಟ. ಮುಂದೆ ಒಬ್ಬ ಗಟ್ಟಿ ಹುಡುಗ, ಹಿಂದೆ ಇನ್ನೊಬ್ಬ ಗಟ್ಟಿ ಹುಡುಗ, ನಡುವೆ ಸಣ್ಣವರು. ಎಲ್ಲರಿಗಿಂತ ಹಿಂದೆ ಒಂದು ಕಡಲೆಕಾಳು, ಅದು ತಾನು.

"ಮುಂದ ಇರಬೇಕಾದಾವ ನೀನಲ್ಲೇನು?" ಎಂದೆ.

"ಮುಂದ ಇದ್ರ ಯಾರು ಬಿದ್ರು ಅಂತ ಹೆಂಗ ಗೊತ್ತಾಗಬೇಕು? ನೀರಿನ ಹತ್ರ ಹೋದಾಗ ಅಷ್ಟ ನಾ ಮುಂದ."

ಅದು ಅವನ ಪಡೆಯ ಕಟ್ಟಳೆ. ಹೊಸ ಜಾಗದ ನೀರನ್ನು ಮೊದಲು ಕುಡಿಯುವವನು ಮೇಷ್ಟ್ರು. ಅವನು ಒಂದು ಬೊಗಸೆ ಕುಡಿದು, ತುಸು ಹೊತ್ತು ಕಾದು, ಹೂಂ ಎಂದ ಮೇಲೆಯೇ ಹುಡುಗರು ಮುಟ್ಟಬೇಕು. ಹುಡುಗರು ಚೀಲ ಹೊತ್ತು ರೂಢಿಯಾಗಲೆಂದು ಅವನು ಚೀಲಕ್ಕೆ ಮರಳು ತುಂಬಿಸಿ ಬಳ್ಳಾರಿಯ ಕೋಟೆ ಗುಡ್ಡ ಸುತ್ತಿಸುತ್ತಿದ್ದ. ನೋಡಿದವರು, ಮನೆ ಕಟ್ಟಲು ಕೂಲಿ ಉಳಿಸುತ್ತಿದ್ದಾನೆ ಎಂದು ನಗುತ್ತಿದ್ದರಂತೆ.

ಎಲ್ಲ ಜೋಡಿಸಿದ ಮೇಲೆ ಅವನ ಬೆರಳು ಗುಡ್ಡದ ನೆತ್ತಿಯಲ್ಲಿ ನಿಂತಿತು. ಅಲ್ಲಿ ದೊಣೆ. ಬಂಡೆಯ ನಡುವೆ ಮಳೆಯ ನೀರು ತುಂಬಿ ನಿಲ್ಲುವ ಆಳವಾದ ಗುಂಡಿ ಅದು. ನಮ್ಮೂರಿನ ಯಾರನ್ನು ಕೇಳಿದರೂ, ಉಗಾದಿಯವರೆಗೆ ಅದು ಬತ್ತುವುದಿಲ್ಲ ಎನ್ನುತ್ತಿದ್ದರು.

"ಮ್ಯಾಲೆ ನೀರಿದ್ರ ಹುಡುಗ್ರು ನೀರು ಹೊರೋದು ತಪ್ಪತೈತಿ. ಅಕ್ಕಿ, ಪಾತ್ರಿ, ಕಂಬಳಿ ಅಂತ ಆಗಲೇ ಭಾರ ಆಗೇತಿ. ಈಗ ಬಸ್ಸಿಗೆ ಹೊತ್ತಾತು, ಈ ವಾರ ಪರೀಕ್ಷಿ ನಡಸೋದೈತಿ, ಮತ್ತ ಬರಾಕ ಆಗಂಗಿಲ್ಲ. ಅಕ್ಕಾ, ನೀ ಒಂದ್ಸಲ ಹತ್ತಿ ನೋಡಿ ಬಾ."

"ಉಗಾದಿ ತನಕ ಇರತೈತಿ ಬಿಡೋ. ಊರಿಗೇ ಗೊತ್ತು."

"ಊರಿಗೆ ಗೊತ್ತಿದ್ರ ಸಾಲದಕ್ಕಾ. ಬರೇ ಕಣ್ಣಿಲೆ ನೋಡಿದ್ರೂ ಸಾಲದು, ಬಂಡೆಗಲ್ಲಿನ ನೆರಳು ನೀರಿನಂಗ ಕಾಣತೈತಿ. ಕೈ ಅದ್ದಿ ಬಾ. ಕೈ ಅದ್ದಿದ್ರ ಅದು ನೋಡಿದಂಗ."

ಹೂಂ ಎಂದೆ. ಆದರೆ ಒಳಗೆ ಒಂದು ಮುಳ್ಳು ಚುಚ್ಚಿತು. ಅವನನ್ನು ನೋಡಿಕೊಳ್ಳಲೆಂದು ನಾನು ಶಾಲೆ ಬಿಟ್ಟವಳು. ಈಗ ನನ್ನನ್ನೂ ತನ್ನ ಪಡೆಯ ಹುಡುಗನಂತೆ ಓಡಿಸುತ್ತಾನೆ, ನಾನು ಬಾಳುವ ಊರಿನ ಗುಡ್ಡದ ಬಗ್ಗೆ ನನಗೇ ಪಾಠ ಹೇಳುತ್ತಾನೆ ಎನ್ನಿಸಿತು. ಅಷ್ಟು ಹೊತ್ತು ಕೂತು ಜೋಳದ ಕಾಳುಗಳ ಹೊಟ್ಟೆ ಬಾಯಿ ವಿಚಾರಿಸಿದವನು, ನೀನು ಹೇಗಿದ್ದೀಯಕ್ಕಾ ಎಂದು ಒಂದು ಮಾತು ಕೇಳಲಿಲ್ಲ ಎಂಬ ಸಿಟ್ಟೂ ಇತ್ತು.

ಹತ್ತಿ ಬಿಡಿಸುವ ದಿನಗಳು. ಹೊಲದ ಕೆಲಸದಲ್ಲಿ ಎರಡು ದಿನ ಸರಿದವು. ಕೊನೆಗೆ ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಹೊರಟೆ. ಗುಡ್ಡದ ಬುಡದಲ್ಲಿ ನಮ್ಮ ಓಣಿಯ ಮುದುಕಿ ಸೌದೆ ಕಟ್ಟುತ್ತಿದ್ದಳು.

"ಎಲ್ಲಿಗೆ ಹೊಂಟೀಬೇ, ಬಿಸಲಾಗ?"

"ದೊಣ್ಯಾಗ ನೀರು ಐತೇನೋ ನೋಡಾಕ."

ಅವಳು ಸೌದೆ ಬಿಟ್ಟು ನಕ್ಕಳು. "ಅಯ್ಯ, ಹುಚ್ಚಿ! ಕುರುಗೋಡಿಗೆ ಬಂದು ಇಷ್ಟು ವರ್ಷ ಆತು, ಇನ್ನೂ ಹತ್ತಿ ನೋಡ್ತೀಯೇನು? ತಲಿ ಎತ್ತಿ ನೋಡು. ಆಡು ಮ್ಯಾಲೆ ಅದಾವಲ್ಲ!"

ನಮ್ಮೂರಲ್ಲಿ ಎಲ್ಲರೂ ಹಾಗೆಯೇ ನೋಡುತ್ತಿದ್ದರು. ದೊಣೆಯಲ್ಲಿ ನೀರಿದ್ದರೆ ಆಡುಗಳು ನಡು ಮಧ್ಯಾಹ್ನವೂ ಗುಡ್ಡದ ಮೇಲೆಯೇ ಇರುತ್ತವೆ. ಬತ್ತಿದರೆ ಬಿಸಿಲೇರುವ ಮುಂಚೆ ನೀರಿಗೆಂದು ಕೆಳಗೆ ಇಳಿಯುತ್ತವೆ. ತಲೆ ಎತ್ತಿ ನೋಡಿದೆ. ನೆತ್ತಿಯ ಬಂಡೆಗಳ ನಡುವೆ ಕರಿಯ ಬಿಳಿಯ ಚುಕ್ಕೆಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಹೌದಲ್ಲ ಎನ್ನಿಸಿತು. ಮುದುಕಿಯ ತಲೆಗೆ ಸೌದೆ ಹೊರೆ ಎತ್ತಿಕೊಟ್ಟು, ಅವಳ ಜೊತೆ ಮಾತಾಡುತ್ತ ಮನೆಗೆ ಬಂದೆ.

ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗ ಶುರುವಾಗಿತ್ತು. ಸಾಮಾನು ಸಾಗಿಸುವ ರಸ್ತೆಗೆ ಜಲ್ಲಿ ಬೇಕೆಂದು ಗುಡ್ಡದ ಹಿಂಬದಿಯಲ್ಲಿ ಕಲ್ಲು ಒಡೆಯುವವರು ಬೀಡುಬಿಟ್ಟಿದ್ದರು. ಅವರು ಮದ್ದಿಟ್ಟು ಹಾರಿಸುವ ಸದ್ದು ನಮ್ಮ ಮನೆಯ ಪಾತ್ರೆಗಳನ್ನು ನಡುಗಿಸುತ್ತಿತ್ತು. ಆ ಸದ್ದಿಗೂ ದೊಣೆಗೂ ಸಂಬಂಧವಿದ್ದೀತೆಂದು ನನಗೆ ಹೊಳೆಯಲಿಲ್ಲ. ಆ ಮದ್ದಿನ ಹೊಡೆತಕ್ಕೆ ದೊಣೆಯ ಬಂಡೆ ಬಿರಿದು ನೀರೆಲ್ಲ ಇಂಗಿಹೋಗಿತ್ತು. ಆಡುಗಳು ಕುಡಿಯುತ್ತಿದ್ದುದು ಕಲ್ಲು ತೆಗೆದ ಹೊಂಡದಲ್ಲಿ ನಿಂತ ನೀರನ್ನು. ಅದಕ್ಕೇ ಅವು ಇಳಿಯುತ್ತಿರಲಿಲ್ಲ. ಇದು ನಮಗೆ ತಿಳಿದದ್ದು ಆಮೇಲೆ.

ಗುರುವಾರ ಪರೀಕ್ಷೆಗೆ ಒಂದು ದಿನ ಬಿಡುವು ಸಿಕ್ಕಿ ಅವನು ಅವ್ವನನ್ನು ನೋಡಲು ಸಿರುಗುಪ್ಪಕ್ಕೆ ಹೋಗಿದ್ದ. ಬಳ್ಳಾರಿಗೆ ಮರಳುವಾಗ ನಮ್ಮೂರ ಮೇಲೆ ಸುತ್ತಿಹೋಗುವ ಬಸ್ಸು ಹಿಡಿದು ಬಂದ. ನಾನು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಸ್ಸಿನ ಹತ್ತಿರ ಹೋದೆ. ಕಿಟಕಿಯಿಂದ ಆ ಉದ್ದ ಕುತ್ತಿಗೆ ಹೊರಗೆ ಬಂತು.

"ಹೋಗಿ ಬಂದ್ಯೇನಕ್ಕಾ?"

"ಬಂದೆ. ನೀರೈತಿ."

"ಕೈ ಅದ್ದಿದ್ಯೇನು?"

ಡ್ರೈವರ್ ಗಾಡಿ ಚಾಲೂ ಮಾಡಿದ್ದ. ಇಲ್ಲಪ್ಪ, ಆಡು ನೋಡಿ ತಿರುಗಿ ಬಂದೆ ಎಂದಿದ್ದರೆ ಅವನು ಆ ಕ್ಷಣವೇ ಬಸ್ಸಿಳಿದು ಗುಡ್ಡ ಹತ್ತುತ್ತಿದ್ದ. ಸುತ್ತ ನಮ್ಮೂರ ಮಂದಿ ನಿಂತಿದ್ದರು. ಅವರ ಮುಂದೆ ನನ್ನ ಮಾತು ಸಣ್ಣದಾಗುತ್ತದೆ ಎನ್ನಿಸಿತು.

"ಅದ್ದೀನಪ್ಪಾ," ಎಂದೆ. "ತಣ್ಣಗೈತಿ."

ಅವನ ಮುಖ ಅರಳಿತು. ಹೊಳೆಯ ದಂಡೆಯ ಆ ಮಾತು ನನ್ನ ಬಾಯಿಂದ ಬಂತೆಂದು ಅವನಿಗೆ ಖುಷಿಯಾಗಿರಬೇಕು. ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದ. ಬಸ್ಸು ಹೋಯಿತು.

ಶನಿವಾರ ಬೆಳಗ್ಗೆ ಹುಡುಗರ ದಂಡು ನಮ್ಮ ಅಂಗಳಕ್ಕೆ ಬಂತು. ಎಲ್ಲರಿಗೂ ಮಜ್ಜಿಗೆ ಕೊಟ್ಟೆ. ಕೆಲವರ ಹತ್ತಿರ ಯುದ್ಧ ಮುಗಿದ ಮೇಲೆ ಸಂತೆಗೆ ಮಾರಾಟಕ್ಕೆ ಬಂದಿದ್ದ, ಸಿಪಾಯಿಗಳ ನೀರಿನ ಬಾಟಲಿ, ಉಳಿದವರ ಹತ್ತಿರ ಸೋರೆಬುರುಡೆ. ಒಬ್ಬ ಹುಡುಗ, ಚುರುಕು ಕಣ್ಣಿನವನು, ನಮ್ಮ ಮನೆಯ ಒಂದು ಕೊಡ ನೀರನ್ನೂ ಹೆಗಲಿಗೇರಿಸಲು ನೋಡಿದ.

"ಅದನ್ನ ಇಳಿಸಲೇ," ಎಂದ ತಮ್ಮ. "ಹತ್ತಾಕ ಬೇಕಾದಷ್ಟು ಬಾಟಲ್ಯಾಗ ಐತಿ. ಮ್ಯಾಲೆ ತಣ್ಣನ್ನ ನೀರು ಕಾಯ್ಕೊಂಡು ಕುಂತೈತಿ."

ಹಾಗೆನ್ನುತ್ತ ನನ್ನ ಕಡೆ ನೋಡಿ ನಕ್ಕ. ಯಾರು ನೋಡಿ ಬಂದರೆಂದು ಹುಡುಗರಿಗೆ ಹೇಳಲಿಲ್ಲ. ಮೇಷ್ಟ್ರೇ ನೋಡಿರಬೇಕು ಎಂದು ಅವರು ತಿಳಿದರು. ಹುಡುಗ ಕೊಡವನ್ನು ನನ್ನ ಕೈಗೆ ಕೊಟ್ಟ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಒಯ್ಯಿರಿ, ಯಾವುದಕ್ಕೂ ಇರಲಿ ಎಂದಿದ್ದರೆ ಸಾಕಿತ್ತು. ತುಂಬಿದ ಕೊಡ ಹಿಡಿದು ಬಾಗಿಲಲ್ಲಿ ನಿಂತೆ. ಅವರು ಹಾಡುತ್ತ ಹೋದರು. ಎಲ್ಲರ ಹಿಂದೆ ಅವನು, ನೆಲದ ಮೇಲಿಟ್ಟ ಆ ಕಡಲೆಕಾಳಿನಂತೆ.

ಮೇಲೆ ನಡೆದದ್ದನ್ನು ನನಗೆ ಹೇಳಿದವನು ಆ ಚುರುಕು ಕಣ್ಣಿನ ಹುಡುಗ. ದೊಣೆ ಒಣಗಿತ್ತು. ಬಿಸಿಲೇರಿತ್ತು, ಬಾಟಲಿಗಳು ಬರಿದಾಗಿದ್ದವು. ಒಬ್ಬ ಸಣ್ಣ ಹುಡುಗ ತಲೆ ತಿರುಗಿ ಬಿದ್ದ. ಆಡು ಕಾಯುವವನು ಹಿಂಬದಿಯ ಹೊಂಡ ತೋರಿಸಿದ. ಹುಡುಗರು ನುಗ್ಗಿದಾಗ ತಮ್ಮ ಕೋಲು ಅಡ್ಡ ಹಿಡಿದ. "ಮೊದಲ ಗುಟುಕು ನಂದು." ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತು ನುಂಗಲಿಲ್ಲವಂತೆ. ಹುಡುಗರು ಒಣಗಿದ ತುಟಿಯಲ್ಲಿ ಅವನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ನುಂಗಿದ. "ನಾ ಹೂಂ ಅನ್ನೋ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೊಂಡವನ್ನು ಒಂದು ಸುತ್ತು ಬಂದ. ಬಂಡೆಯ ಆಚೆ ಕಲ್ಲು ಒಡೆಯುವವರ ಗುಡಿಸಲುಗಳಿದ್ದವು, ಅವರ ಹೊಲಸೆಲ್ಲ ಹರಿದು ಅದೇ ನೀರಿಗೆ ಸೇರುತ್ತಿತ್ತು. ತಿರುಗಿ ಬಂದವನು ಹೂಂ ಎನ್ನಲಿಲ್ಲ. ಒಬ್ಬರಿಗೂ ಒಂದು ಹನಿ ಕುಡಿಯಗೊಡಲಿಲ್ಲ. ಹುಡುಗರನ್ನು ನೆರಳಿಗೆ ಸೇರಿಸಿ, ಇಬ್ಬರನ್ನು ಆಡಿನವನ ಜೊತೆ ಊರಿಗೆ ಕಳಿಸಿದ.

ಅವರಲ್ಲೊಬ್ಬನು ಈ ಹುಡುಗ. ನಮ್ಮ ಬಾಗಿಲಿಗೆ ಬಂದು ಏದುಸಿರಿನಲ್ಲಿ "ಅಕ್ಕಾರ, ದೊಣ್ಯಾಗ ನೀರಿಲ್ರಿ" ಎಂದ. ಬೆಳಗ್ಗೆ ಇಳಿಸಿದ್ದ ಅದೇ ಕೊಡವನ್ನು ಹೊತ್ತು ನಾನು ಓಡಿದೆ. ಓಣಿಯ ಹೆಂಗಸರೂ ಕೊಡ ಹೊತ್ತು ಬಂದರು. ಹಿಂಬದಿಯ ಗಾಡಿದಾರಿಯಲ್ಲಿ ಹತ್ತಿದೆವು. ದೊಣೆ ಆ ದಾರಿಯಲ್ಲಿ ಸಿಗುವುದಿಲ್ಲ.

ತಮ್ಮ ಕೊಡ ಇಳಿಸಿಕೊಂಡು, ಬಿದ್ದಿದ್ದ ಹುಡುಗನಿಂದ ಶುರುಮಾಡಿ ಎಲ್ಲರಿಗೂ ಕುಡಿಸಿದ. ಕೊನೆಗೆ ನನ್ನ ಮುಂದೆ ಬಂದು ನಿಂತ. ಅವನ ಕಣ್ಣು ನನ್ನ ಬಲಗೈ ಮೇಲೆ ಇಳಿಯಿತು. ಕೇಳುತ್ತಾನೆಂದು ಕಾದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವನು ಅಂದದ್ದು ಇಷ್ಟೇ: "ಭಾಳ ದೂರ ಹೊತ್ತು ತಂದಿಯಕ್ಕಾ. ಕುಂದ್ರು, ನೀನೂ ಕುಡಿ."

ಹುಡುಗರಿಗೆ ಏನೂ ಆಗಲಿಲ್ಲ. ಎರಡು ವಾರದ ನಂತರ ಅವನಿಗೆ ಜ್ವರ ಹಿಡಿಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ, ಹೊಲಸು ನೀರಿನಿಂದ ಬರುವ ವಿಷಮಜ್ವರ ಎಂದರು. ಅವ್ವ ಬಂದಳು, ನಾನು ಬಂದೆ. ಅವನು ದಿನದಿನಕ್ಕೆ ಕುತ್ತಿಗೆ ಮಾತ್ರವಾಗಿ ಉಳಿದ. ಗಂಜಿಯ ತಿಳಿಯನ್ನು ಚಮಚೆಯಲ್ಲಿ ಹಾಕಿದರೆ, ಆ ಜ್ವರದಲ್ಲೂ ಮೊದಲ ಗುಟುಕನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ.

ಒಂದು ದಿನ ಹೆಡ್‌ಮಾಸ್ತರರು ನೋಡಲು ಬಂದರು, ಜೊತೆಗೆ ಬಿದ್ದ ಹುಡುಗನ ಅಪ್ಪನೂ ಇದ್ದ. ಅವನಿಗೆ ಸಿಟ್ಟು ತಡೆಯಲಾಗಲಿಲ್ಲ. "ಮಂದಿ ಮಕ್ಕಳನ್ನ ಕರ್ಕೊಂಡು ಹೋಗೋವಾಗ ನೀರು ಐತೋ ಇಲ್ಲೋ ನೋಡಬಾರ್ದೇನ್ರಿ?" ಎಂದ.

ನಾನು ಮಂಚದ ಪಕ್ಕದಲ್ಲೇ ಬಟ್ಟಲು ಹಿಡಿದು ನಿಂತಿದ್ದೆ. ತಮ್ಮ ನನ್ನ ಕಡೆ ತಿರುಗಲೇ ಇಲ್ಲ.

"ಹೌದ್ರಿ. ನಾನ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನಂದು."

ಅವರು ಹೋದ ಮೇಲೆ ಅವನ ಕೈ ಹಿಡಿದೆ. ಸುಡುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಒಳಗೆ ಬಂದಳು, ಮುಚ್ಚಿಕೊಂಡೆ. ಮರುದಿನದಿಂದ ಅವನಿಗೆ ನಮ್ಮ ಗುರುತು ಸಿಗಲಿಲ್ಲ. ಹುಡುಗರನ್ನು ಕರೆಯುತ್ತಿದ್ದ, "ತಡೀರಿ, ಮುಟ್ಟಬ್ಯಾಡ್ರಿ" ಎನ್ನುತ್ತಿದ್ದ. ಶಿವರಾತ್ರಿಯ ಹಿಂದಿನ ದಿನ ಹೋದ.

ಆ ಶಾಲೆಯಲ್ಲಿ ಪಡೆ ನಿಂತುಹೋಯಿತು. ನೀರು ನೋಡದೆ ಹುಡುಗರನ್ನು ಗುಡ್ಡಕ್ಕೆ ಹತ್ತಿಸಿದ ಮೇಷ್ಟ್ರು ಎಂಬ ಮಾತು ಮಾತ್ರ ಉಳಿಯಿತು. ಅವ್ವ ಸಿರುಗುಪ್ಪದಲ್ಲಿ ಯಾರು ಮಾತಾಡಿಸಲು ಬಂದರೂ, "ಮಂದಿ ಮಕ್ಕಳ ಬಾಯಿ ನೋಡಿದ, ದೊಣಿ ನೋಡಲಿಲ್ಲ ನನ್ನ ಮಗ" ಎಂದು ಅಳುತ್ತಿದ್ದಳು. ಒಮ್ಮೆ ಅವಳ ಪಕ್ಕದಲ್ಲೇ ಕೂತು ಈ ಮಾತನ್ನು ಕೇಳಿದೆ. ಮಗನ ಮೇಲಿನ ಆ ಮುನಿಸನ್ನು ಇಟ್ಟುಕೊಂಡೇ ಅವಳೂ ಹೋದಳು. ನಾನು ಹೇಳಲಿಲ್ಲ.

ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮೇಲಿನ ಚಳಿಗಾಲ, ಖಾಕಿ ಚಡ್ಡಿಯ ಯುವಕನೊಬ್ಬ ನಮ್ಮ ಬಾಗಿಲಿಗೆ ಬಂದ. ಆ ಚುರುಕು ಕಣ್ಣು ನೋಡಿ ಗುರುತು ಹಿಡಿದೆ. ಅವನೂ ಈಗ ಮೇಷ್ಟ್ರು. ಪಡೆಯನ್ನು ಮತ್ತೆ ಕಟ್ಟಿದ್ದ, ಹುಡುಗರನ್ನು ಅದೇ ಗುಡ್ಡಕ್ಕೆ ಕರೆತರಬೇಕೆಂದಿದ್ದ. ನೀರು ಕೊಟ್ಟೆ. ಅವನು ಮೊದಲ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. 

"ಅಕ್ಕಾರ, ಈಗ ದೊಣ್ಯಾಗ ನೀರು ನಿಲ್ತೈತೇನ್ರಿ? ನೀವು ಇಲ್ಲೇ ಇರೋರು. ಹೂಂ ಅಂದ್ರ ಸಾಕು, ನನಗ ಹತ್ತೋದು ತಪ್ಪತೈತಿ."

"ನಂಗೊತ್ತಿಲ್ಲಪ್ಪಾ," ಎಂದೆ. "ನಡಿ, ನೋಡಿ ಬರೋಣು."

ಇಬ್ಬರೂ ಹತ್ತಿದೆವು. ಹಾದಿಯಲ್ಲಿ ಅವನು ತಮ್ಮನ ಮಾತನ್ನೇ ಆಡಿದ. ಚೀಲದ ಮರಳು, ಅಳತೆಯ ಕೋಲು, ಹಿಂದಿನಿಂದ ಕೇಳುತ್ತಿದ್ದ ಅವನ ಸೀಟಿ. ಆಮೇಲೆ ಒಂದು ಬಂಡೆಗೆ ಕೈ ಕೊಟ್ಟು ನಿಂತು ಹೇಳಿದ: "ಸರ್ ಅಂಥೋರು ಮತ್ತ ಸಿಗಂಗಿಲ್ರಿ. ಆದ್ರೂ ನನ್ನ ಹುಡುಗರಿಗೆ ಅವರದ ಉದಾಹರಣಿ ಕೊಡ್ತೀನಿ. ನೋಡ್ರಲೇ, ಎಷ್ಟ ದೊಡ್ಡ ಮನುಷ್ಯ ಆದ್ರೂ ಒಂದ್ಸಲ ನೋಡದ ಹೋದ್ರ ಹಿಂಗ ಆಗತೈತಿ ಅಂತ."

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಆದರೆ ನನ್ನ ಕಾಲು ಅಲ್ಲೇ ನಿಂತಿತು. ಕಂಡು ಕೇಳದ ಹುಡುಗರೂ ಇನ್ನು ಮುಂದೆ ನನ್ನ ತಮ್ಮನನ್ನು ಆ ಒಂದು ತಪ್ಪಿನಿಂದಲೇ ಗುರುತಿಸುತ್ತಾರೆ, ಆ ತಪ್ಪು ಅವನದಲ್ಲ.

ದೊಣೆ ತಲುಪಿದೆವು. ನಾನು ಅದನ್ನು ಕಂಡದ್ದು ಅದೇ ಮೊದಲು. ತಳದಲ್ಲಿ ಬೆರಳು ಇಳಿಯುವಷ್ಟು ಸೀಳು, ಅದರ ಸುತ್ತ ಒಣಗಿ ಎದ್ದ ಕೆಸರಿನ ಹಪ್ಪಳಗಳು. ಮೂಲೆಯಲ್ಲಿ ಬಂಡೆಯ ನೆರಳು ಬಿದ್ದಿತ್ತು. ದೂರದಿಂದ ನೋಡಿದವರಿಗೆ ನಿಜವಾಗಿಯೂ ನೀರಿನಂತೆಯೇ ಕಾಣುತ್ತಿತ್ತು.

ಒಳಗಿಳಿದು ಮೊಣಕಾಲೂರಿ, ನೀರಿಗೆ ಅದ್ದುವಂತೆ ಕೈ ಇಳಿಬಿಟ್ಟೆ. ಬಿಸಿ ಧೂಳು ಅಂಗೈಗೆ ಹತ್ತಿತು.

"ಅಕ್ಕಾರ, ಯಾಕ್ರಿ? ಏನಾತ್ರಿ?" ಎಂದು ಹುಡುಗ ಹತ್ತಿರ ಬಂದ.

"ನಿಮ್ಮ ಸರ್ ನೋಡಾಕ ಹೇಳಿದ್ದು ನನಗಪ್ಪಾ," ಎಂದೆ. "ನಾ ಕೆಳಗ ನಿಂತು ಆಡು ನೋಡಿ ತಿರುಗಿ ಹೋದೆ. ನೋಡಿ ಬಂದೆ ಅಂತ ಅವಗ ಸುಳ್ಳು ಹೇಳಿದೆ. ತಪ್ಪು ಅವಂದಲ್ಲ. ನಿನ್ನ ಹುಡುಗರಿಗೆ ಇದನ್ನ ಹೇಳು."

ಅವನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಕೈಯನ್ನು ಮೇಲೆತ್ತದೆ, ಆ ಒಣ ಕಲ್ಲಿಗೆ ಬಗ್ಗಿ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ತಮ್ಮಾ, ನಾ ಕೈ ಅದ್ದಿರಲಿಲ್ಲೋ. ತಪ್ಪಾತಪ್ಪಾ, ನಿನ್ನಕ್ಕಂದು ತಪ್ಪಾತು."